ಜೊಳ್ಳು ಪುಡಿಗೆ ಬಿದ್ದ ಕೆಂಪು ಗೆರೆ

ಮೊಮ್ಮಗಳ ನೋಟ್‌ಬುಕ್ಕಿನ ಆ ಪುಟದ ಮೇಲೆ ಶಾಲೆಯ ಮಿಸ್ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು ಕಳಿಸಿದ್ದರು. ಒಂದಲ್ಲ, ಎರಡು. ಬೇಲಿಗೆ ಮುಳ್ಳು ಹಚ್ಚಿದ ಹಾಗೆ ಅಡ್ಡಡ್ಡ. ನಾನು ಕಲಿತದ್ದು ನಾಲ್ಕನೆಯ ತರಗತಿ, ಅದೂ ಸುಗ್ಗಿ ಬಂದಾಗಲೆಲ್ಲ ಬಿಟ್ಟು ಬಿಟ್ಟು. ಇಂಗ್ಲಿಷಿನ ಒಂದಕ್ಷರ ಬಾರದು. ಆದರೆ ಕೆಂಪು ಗೆರೆ ಓದಲು ಇಂಗ್ಲಿಷ್ ಯಾಕೆ ಬೇಕು?

"ಕೆಳಗ ಏನ್ ಬರದಾರ?" ಅಂದೆ.

"ಬುಕ್‌ನಲ್ಲಿ ಇರೋ ಥರ ಇಲ್ಲ, ಮತ್ತೆ ಬರಿ ಅಂತ," ಅಂದಳು. ಅಂದವಳೇ ಕಂಪಾಸ್ ಡಬ್ಬಿಯಿಂದ ರಬ್ಬರು ತೆಗೆದುಕೊಂಡಳು.

ಕೆಂಪು ಗೆರೆ ನೋಡಿ ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ರಬ್ಬರು ನೋಡಿ ಮೈಯೆಲ್ಲ ಉರಿಯಿತು. ಅವಳು ಅಳಿಸಲು ಹೊರಟದ್ದು ನಾವಿಬ್ಬರೂ ಎರಡು ವಾರ ಕುಳಿತು ಟೊಮೆಟೊ ಹೂವಿನ ಗಂಡು ಭಾಗದ ಹೊಟ್ಟೆಯೊಳಗೆ ಕಣ್ಣಾರೆ ಕಂಡದ್ದನ್ನು. ಕೊಯ್ದು ಕೊಟ್ಟವಳು ನಾನು, ನೋಡಿ ಬರೆದವಳು ಅವಳು. ಅದನ್ನು ಮೊದಲಿನಿಂದ ಹೇಳದೆ ಇದ್ದರೆ ನನ್ನ ಸಿಟ್ಟು ಯಾರಿಗೂ ತಿಳಿಯುವುದಿಲ್ಲ.

ಇದೆಲ್ಲ ಶುರುವಾದಾಗ ನಾನು ದೋಹಾಕ್ಕೆ ಬಂದು ವಾರವೂ ಆಗಿರಲಿಲ್ಲ. ಮಗಳು, ಅಳಿಯ, ಅವರ ಒಬ್ಬಳೇ ಮಗಳು ಇರುವುದು ಅಬು ಹಮೂರಿನಲ್ಲಿ. ದೊಡ್ಡ ವಿಲ್ಲಾವನ್ನು ಗೋಡೆ ಹಾಕಿ ಪಾಲು ಮಾಡಿದ ಮನೆ, ಹಿಂದೆ ನಾಲ್ಕು ಮಾರು ಅಂಗಳ. ಆ ಅಂಗಳ ನನಗೆ ಮೊದಲ ದಿನವೇ ಹಿಡಿಸಿತು, ಯಾಕೆಂದರೆ ಅಲ್ಲಿ ಆರು ಕುಂಡದಲ್ಲಿ ಟೊಮೆಟೊ ಗಿಡ ನಿಂತಿದ್ದವು. ಉಮ್ಮ್ ಸಲಾಲ್ ಕಡೆಯ ನರ್ಸರಿಯಿಂದ ಸಸಿ ತಂದು ಮೊಮ್ಮಗಳೇ ಬೆಳೆಸಿದ್ದು. ಮೂರು ಕುಂಡ ಅಡುಗೆಮನೆ ಬಾಗಿಲ ನೆರಳಿಗೆ, ಮೂರು ಆ ಕಡೆ ಗೋಡೆಗೆ, ಏಸಿಯ ಹೊರಗಿನ ಪೆಟ್ಟಿಗೆ ಬಿಸಿಗಾಳಿ ಉಗುಳುವ ಜಾಗಕ್ಕೆ.

ಅವಳು ಹನ್ನೆರಡನೇ ಕ್ಲಾಸು. ಈ ವರ್ಷದ ಮೊದಲ ಪಾಠವೇ ಹೂವಿನ ಪಾಠ. ಹೂವಿನ ಗಂಡು ಭಾಗದೊಳಗೆ ಪುಡಿ ಹೇಗೆ ಹುಟ್ಟುತ್ತದೆ, ಹಂತ ಹಂತವಾಗಿ ನೋಡಿ ಚಿತ್ರ ಬರೆದು ತರಬೇಕು ಅಂತ ಪ್ರಾಜೆಕ್ಟು. ಊರಿಗೆ ಹೊರಟ ಯಾರೋ ಮಾರಿ ಹೋದ ಸೂಕ್ಷ್ಮದರ್ಶಕವೊಂದನ್ನು ಅಳಿಯಂದಿರು ತಂದುಕೊಟ್ಟಿದ್ದರು. ಅದು ಊಟದ ಮೇಜಿನ ಮೇಲೆ ಸಾರಿನ ಪಾತ್ರೆಯ ಪಕ್ಕದಲ್ಲೇ ಇರುತ್ತಿತ್ತು.

ಇನ್ನು ನನ್ನ ವಿಷಯ. ರಾಣೆಬೆನ್ನೂರು ಕಡೆ ನಾನು ಇಪ್ಪತ್ತಾರು ವರ್ಷ ಕ್ರಾಸಿಂಗ್ ಕೆಲಸ ಮಾಡಿದವಳು. ಹೈಬ್ರಿಡ್ ಬೀಜ ಅಂತೀರಲ್ಲ, ಅದು ಆಕಾಶದಿಂದ ಉದುರುವುದಿಲ್ಲ. ಪರದೆ ಕಟ್ಟಿದ ಮನೆಯೊಳಗೆ ನಮ್ಮಂಥ ಹೆಂಗಸರು ಸಾಲಾಗಿ ಬಗ್ಗಿ ನಿಂತು ಸಂಜೆ ಹೊತ್ತು ಒಂದೊಂದೇ ಮೊಗ್ಗು ಬಿಡಿಸಿ, ಚಿಮಟದಿಂದ ಅದರ ಗಂಡು ಕಿತ್ತು ಬಿಸಾಡಬೇಕು. ಬೆಳಿಗ್ಗೆ ಬೇರೆ ತಳಿಯ ಗಂಡು ಹೂವಿನ ಪುಡಿ ತಂದು ಹೆಣ್ಣಿನ ತುದಿಗೆ ಮುಟ್ಟಿಸಬೇಕು. ಮುಟ್ಟಿಸಿದ ಹೂವಿಗೆ ಗುರುತಾಗಿ ಅದರ ಬುಡದ ಹಸಿರು ಎಸಳು ಎರಡನ್ನು ಚಿವುಟಬೇಕು. ಅರಳಿದ ಹೂವಿನ ಗಂಡು ಕಿತ್ತು ಪ್ರಯೋಜನವಿಲ್ಲ, ಪುಡಿ ಆಗಲೇ ಉದುರಿರುತ್ತದೆ. ತೀರಾ ಎಳೆಯದನ್ನು ಕಿತ್ತರೆ ಹೆಣ್ಣಿಗೆ ಗಾಯ. ಯಾವ ಮೊಗ್ಗಿಗೆ ನಾಳೆ ಬೆಳಿಗ್ಗೆ ಹೊತ್ತು ಬಂತು ಅಂತ ನೋಡಿದ ಕೂಡಲೆ ಬೆರಳಿಗೆ ಗೊತ್ತಾಗಬೇಕು. ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಈಗಲೂ ಗೊತ್ತಾಗುತ್ತದೆ, ಅದೇ ಗ್ರಹಚಾರ.

ಒಂದು ಸಂಜೆ ಊರಿನಿಂದ ನನ್ನ ತಂಗಿ ಫೋನು ಮಾಡಿದಳು. ಫೋನು ಕಟ್ಟೆಯ ಮೇಲೆ ಇಟ್ಟು, ಜೋರು ಮಾಡಿ, ನಾನು ಗಿಡದ ಹತ್ತಿರ ಕುಳಿತೆ. ಅವಳ ಸೊಸೆಯ ಸುದ್ದಿ ಅಂದರೆ ನಿಮಗೆ ಗೊತ್ತಲ್ಲ, ಬೇಗ ಮುಗಿಯುವುದಿಲ್ಲ. ನಾನು ಹೂಂ, ಹೂಂ ಅನ್ನುತ್ತ ಇದ್ದೆ. ಫೋನು ಇಡುವ ಹೊತ್ತಿಗೆ ಆರೂ ಕುಂಡದ ಮೊಗ್ಗುಗಳ ಗಂಡು ಅಷ್ಟನ್ನೂ ಕಿತ್ತು ಮುಗಿಸಿದ್ದೆ! ದೇವರಾಣೆ, ನನಗೇ ಗೊತ್ತಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿಬಿಟ್ಟಿತ್ತು. ಚಿಮಟವಿಲ್ಲದೆ, ಬರೀ ಉಗುರಿನಲ್ಲಿ. ಕಿತ್ತದ್ದೆಲ್ಲ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಸಣ್ಣದು, ನಡುವಿನದು, ದೊಡ್ಡದು ಅಂತ ಮೂರು ಗುಂಪಾಗಿ ಕುಳಿತಿತ್ತು.

ಶಾಲೆಯಿಂದ ಟ್ಯೂಷನ್ನಿಗೆ ಹೋಗಿ ಬಂದ ಮೊಮ್ಮಗಳು ಅಂಗಳಕ್ಕೆ ಬಂದು ಕಿರುಚಿದ ಸದ್ದಿಗೆ ಪಕ್ಕದ ಪಾಲಿನವರು ಕಿಟಕಿ ತೆರೆದರು.

"ಅಜ್ಜೀ! ಏನ್ ಮಾಡಿದೆ? ಅದು ನನ್ನ ಪ್ರಾಜೆಕ್ಟ್! ಎಲ್ಲಾ ಖಲಾಸ್!"

ಮಗಳು ಒಳಗಿನಿಂದ ಓಡಿ ಬಂದಳು. "ಯವ್ವಾ, ಹುಡುಗಿ ಎರಡು ತಿಂಗಳಿಂದ ನೀರು ಹಾಕ್ಯಾಳ. ನಿನಗ ಸುಮ್ನ ಕುಂದ್ರಾಕ ಬರಂಗಿಲ್ಲೇನು?"

ಬರುವುದಿಲ್ಲ. ಸುಮ್ಮನೆ ಕುಳಿತಿದ್ದರೆ ನಿನ್ನನ್ನು ಯಾರು ಓದಿಸುತ್ತಿದ್ದರು ಅಂತ ಕೇಳಬೇಕೆನ್ನಿಸಿತು. ತಪ್ಪು ನನ್ನದೇ ಇತ್ತಲ್ಲ, ಬಾಯಿ ಮುಚ್ಚಿಕೊಂಡೆ. ಮುಚ್ಚಳವನ್ನು ಹುಡುಗಿಯ ಮುಂದೆ ಹಿಡಿದೆ. "ಚೆಲ್ಲಿಲ್ಲ ಬಂಗಾರಿ, ಎಲ್ಲಾ ಇಲ್ಲೇ ಐತಿ."

ಅವಳು ಮೂಗು ಒರೆಸಿಕೊಳ್ಳುತ್ತ ಒಂದನ್ನು ಎತ್ತಿದಳು. ಅಲ್ಲಿಯವರೆಗೆ ಅವಳು ದಿನಾ ಅರಳಿದ ಹೂವನ್ನೇ ಕೊಯ್ದು ನೋಡುತ್ತಿದ್ದಳಂತೆ. ಗಾಜಿನ ಕೆಳಗೆ ಬರೀ ಹರಿದ ಚೀಲ ಕಾಣುತ್ತಿತ್ತಂತೆ. ಪುಸ್ತಕದಲ್ಲಿ ಹೇಳಿದ ಒಳಪದರ ಒಂದು ದಿನವೂ ಸಿಕ್ಕಿರಲಿಲ್ಲ.

"ಅರಳಿದ ಮ್ಯಾಲೆ ಒಳಗೇನು ಇರತೈತಿ?" ಅಂದೆ. "ಪಂಕ್ತಿ ಎದ್ದ ಮ್ಯಾಲೆ ಅಡಿಗಿಮನಿ ನೋಡಾಕ ಹೋದಂಗ. ಜೋಳದ ಕಾಳಿನಷ್ಟು ಮೊಗ್ಗು ನೋಡು. ಆಮ್ಯಾಲೆ ಗೋದಿ ಕಾಳಿನಷ್ಟು. ಆಮ್ಯಾಲೆ ನಾಳೆ ಅರಳೂದು."

ಅವಳು ಕ್ಯಾರೆಟ್ಟು ಸೀಳಿ, ಅದರ ನಡುವೆ ಆ ಹಳದಿ ಗಂಡನ್ನು ಇಟ್ಟು, ಬ್ಲೇಡಿನಿಂದ ತೆಳ್ಳಗೆ ಕೊಯ್ಯಲು ಹೋದಳು. ದಪ್ಪ ದಪ್ಪ ತುಂಡು. ಪಲ್ಯಕ್ಕೆ ಹೆಚ್ಚಿದ ಹಾಗೆ. ನನಗೆ ತಡೆಯಲಿಲ್ಲ, ಬ್ಲೇಡು ಇಸಿದುಕೊಂಡೆ. ಈ ಕಣ್ಣು ಓದಲು ಬಾರದ ಕಣ್ಣು, ಆದರೆ ಕೈ ಅಲುಗದ ಕೈ. ನೀರಿನಲ್ಲಿ ತೇಲುವಷ್ಟು ತೆಳ್ಳಗೆ, ಈರುಳ್ಳಿ ಸಿಪ್ಪೆಯ ಒಳಪೊರೆಯ ಹಾಗೆ ಕೊಯ್ದು ಕೊಟ್ಟೆ. ಶಾಲೆಯಿಂದ ತಂದಿದ್ದ ಕೆಂಪು ಬಣ್ಣ ಒಂದು ಹನಿ ಹಾಕಿ, ಅವಳು ಗಾಜಿಗೆ ಕಣ್ಣು ಇಟ್ಟಳು. ಆಮೇಲೆ ನನ್ನ ಕುತ್ತಿಗೆಗೆ ಜೋತುಬಿದ್ದಳು.

"ಅಜ್ಜಿ, ಸಿಕ್ತು! ಅಜ್ಜಿ, ನೋಡು, ನೋಡು!"

ನೋಡಿದೆ. ಇಪ್ಪತ್ತಾರು ವರ್ಷ ಕಿತ್ತು ಕಿತ್ತು ಕಾಲ ಕೆಳಗೆ ಬಿಸಾಡಿದ ವಸ್ತು ಅದು. ಲಕ್ಷಗಟ್ಟಲೆ ಕಿತ್ತಿರಬೇಕು. ಅದರ ಒಳಗೆ ಒಂದು ಮನೆ ಇದೆ ಅಂತ ಯಾರೂ ನನಗೆ ಹೇಳಿರಲಿಲ್ಲ! ನಾಲ್ಕು ಕೋಣೆ. ಒಂದೊಂದು ಕೋಣೆಯ ಗೋಡೆಗೂ ಒಳಬದಿಯಿಂದ ಸಾರಿಸಿದ ಹಾಗೆ ದಪ್ಪನೆಯ ಒಂದು ಪದರ. ನಡುವೆ ನಾಲ್ಕು ನಾಲ್ಕು ಕೂಡಿ ಕುಳಿತ ಕಾಳು.

"ಆ ಪದರ ಇದೆಯಲ್ಲ ಅಜ್ಜಿ, ಅದಕ್ಕೆ ಟಪೀಟಮ್ ಅಂತಾರೆ. ಅದು ಊಟ ಹಾಕತ್ತೆ. ಪುಡಿ ಸಣ್ಣದಿರುವಾಗ ಎಲ್ಲಾ ಅದೇ ಕೊಡೋದು, ಮೇಲಿನ ಕೋಟು ಕೂಡ ಅದೇ ಹೊಲಿಯೋದು. ಆಮೇಲೆ ತಾನೇ ಬ್ರೇಕ್ ಆಗತ್ತೆ. ಬೇಕಂತಲೇ. ಒಳಗಿರೋದೆಲ್ಲ ಪುಡಿಗೆ ಹಾಕಿ ಹೋಗತ್ತೆ."

"ಬೇಕಂತಲೇ?"

"ಹೂಂ. ಟೈಮ್ ಇದೆ ಅದಕ್ಕೆ. ಮೊದಲೇ ಹೋದರೆ ಪುಡಿ ಉಪವಾಸ. ಲೇಟ್ ಮಾಡಿ ಹೋಗದೇ ಕೂತರೂ ಕಷ್ಟ."

"ಇಷ್ಟೆಲ್ಲ ಮಾಡೂದರ ಬಗ್ಗೆ ನಿನ್ನ ಪುಸ್ತಕದಾಗ ಎಷ್ಟು ಬರದಾರ?"

ಅವಳು ತಿರುವಿ ನೋಡಿದಳು. "ಇಲ್ಲಿ ಒಂದು ಲೈನ್, ಅಲ್ಲಿ ಅರ್ಧ."

ಒಂದೂವರೆ ಸಾಲು! ಮದುವೆಯಲ್ಲಿ ಕುರ್ಚಿ ಸರಿಸಿದವನ ಹೆಸರನ್ನೂ ಮೈಕಿನಲ್ಲಿ ಹೇಳುತ್ತಾರೆ. ನನಗೆ ಅವತ್ತೇ ಆ ಪುಸ್ತಕದ ಮೇಲೆ ಸಣ್ಣಗೆ ಸಿಟ್ಟು ಹತ್ತಿತು.

ಮಾರನೆಯ ಬೆಳಿಗ್ಗೆ ನಾನು ನನ್ನ ತಪ್ಪಿಗೆ ತಿದ್ದುಪಡಿ ಮಾಡಲು ಹೊರಟೆ. ಗಂಡು ಕಿತ್ತ ಹೂವಿಗೆ ಪುಡಿ ಮುಟ್ಟಿಸದೆ ಬಿಡುವುದು ನಮ್ಮ ಕೆಲಸದಲ್ಲಿ ಪಾಪ. ಕಿತ್ತದ್ದು ಮೊಗ್ಗಿನದು ಮಾತ್ರ, ಅರಳಿದ ಹೂವು ಅಲ್ಲಲ್ಲಿ ಉಳಿದಿದ್ದವು. ಏಸಿ ಕಡೆಯ ಹೂವೊಂದನ್ನು ಹೆಬ್ಬೆರಳ ಉಗುರಿಗೆ ಕುಟ್ಟಿದೆ. ಏನೂ ಬೀಳಲಿಲ್ಲ. ಇನ್ನೊಂದು ಕುಟ್ಟಿದೆ. ಇಲ್ಲ. ಅಡುಗೆಮನೆ ಕಡೆಯದನ್ನು ಕುಟ್ಟಿದರೆ ಉಗುರು ಹಳದಿಯಾಯಿತು.

"ಈ ಮೂರು ಗಿಡದಾಗ ಹೂವು ಉದುರತಾವಲ್ಲ?" ಅಂದೆ ಹುಡುಗಿಗೆ.

"ಹೂಂ, ಕಾಯೇ ಬರಲ್ಲ. ಪಪ್ಪಾ ಗೊಬ್ಬರ ಸಾಲದು ಅಂದರು. ಅಮ್ಮ ಜೇನು ಇಲ್ಲ ಅಂದರು."

"ಜೇನು ಬಂದು ಏನ್ ಒಯ್ಯಬೇಕು? ಒಳಗ ಪುಡಿನ ಇಲ್ಲ. ಇಡೀ ದಿನ ಬಿಸಿಗಾಳಿ ಹೊಡಿತೈತಿ. ನಮ್ಮ ಕಡೆ ಕೆಟ್ಟ ಬಿಸಿಲು ಹತ್ತಿದಾಗೂ ಹಿಂಗ ಆಗತಿತ್ತು. ಗಂಡು ಜೊಳ್ಳು."

ಅಡುಗೆಮನೆ ಕಡೆಯ ಪುಡಿಯನ್ನೇ ತಂದು ಏಸಿ ಕಡೆಯ ಹೂಗಳ ಹೆಣ್ಣಿಗೆ ಮುಟ್ಟಿಸಿದೆ, ಮುಟ್ಟಿಸಿದ್ದಕ್ಕೆಲ್ಲ ಎರಡು ಎಸಳು ಚಿವುಟಿದೆ. ಹೊಸದಾಗಿ ಬಿಟ್ಟ ಮೊಗ್ಗನ್ನು ಹುಡುಗಿ ಎರಡೂ ಕಡೆಯಿಂದ ದಿನಾ ತಂದಳು. ನಾನು ಕೊಯ್ದೆ. ಅವಳು ನೋಡಿದಳು, ಬರೆದಳು. ನೆರಳಿನ ಗಿಡದಲ್ಲಿ ಪದರ ಸರಿಯಾದ ಹೊತ್ತಿಗೆ ಕರಗಿ, ಪುಡಿ ದುಂಡಗೆ, ಬಣ್ಣ ಹಾಕಿದರೆ ಕೆಂಪಾಗುತ್ತಿತ್ತು. ಬಿಸಿಗಾಳಿಯ ಗಿಡದಲ್ಲಿ ಕಾಳು ಇನ್ನೂ ನಾಲ್ಕು ನಾಲ್ಕು ಕೂಡಿ ಕುಳಿತಿರುವಾಗಲೇ ಪದರ ಕುಸಿದು ಹೋಗಿತ್ತು. ದೊಡ್ಡ ಮೊಗ್ಗಿನಲ್ಲಿ ನೋಡಿದರೆ ಪುಡಿ ಸೊಟ್ಟ, ಸುಕ್ಕು, ಬಣ್ಣ ಹಿಡಿಯದೆ ಬಿಳಿಚಿಕೊಂಡದ್ದು. ಜೊಳ್ಳು ಅಂದರೆ ಜೊಳ್ಳು. ನಾನು ಅಂದದ್ದು ಗಾಜಿನ ಕೆಳಗೆ ಹಾಗೇ ಇತ್ತು! ನಾಲ್ಕನೆಯ ತರಗತಿಯವಳು ಅಂದದ್ದು! ಆ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ ತಂಗಿಗೆ ನಾನೇ ಫೋನು ಮಾಡಿದೆ. ಅವಳಿಗೆ ಸೊಸೆಯ ಮಾತು ತೆಗೆಯಲು ಬಿಡಲೇ ಇಲ್ಲ.

ಇಲ್ಲಿ ಒಂದು ಹಳೆಯ ಸಿಟ್ಟು ಹೇಳಲೇಬೇಕು. ನಮ್ಮ ಕೆಲಸದಲ್ಲಿ ಮೆಣಸಿನ ಗಿಡದ್ದು ಒಂದು ತಳಿ ಬರುತ್ತಿತ್ತು. ಅದರ ಹೂವಿನ ಗಂಡಿನಲ್ಲಿ ಹುಟ್ಟಿನಿಂದಲೇ ಪುಡಿ ಇಲ್ಲ. ಕೀಳುವ ಕೆಲಸವೇ ಇಲ್ಲ, ನೇರ ಬೇರೆ ಪುಡಿ ಮುಟ್ಟಿಸಿದರೆ ಸಾಕು. ಕಾಯಿ ಅಂದರೆ ಕಾಯಿ, ರೆಂಬೆ ಬಾಗುವಷ್ಟು. ಅಂಥ ಸಾಲಿಗೆ ಸೂಪರ್‌ವೈಸರ್ ಏನೆನ್ನುತ್ತಿದ್ದ ಗೊತ್ತೇ? ಬಂಜೆ ಸಾಲು! "ಏ, ನೀವು ನಾಕು ಮಂದಿ ಬಂಜಿ ಸಾಲಿಗೆ ಹೋಗ್ರಿ." ಜೊಳ್ಳು ಇದ್ದದ್ದು ಗಂಡಿನಲ್ಲಿ. ಕಾಯಿ ಹೊತ್ತು ನಿಂತದ್ದು ಹೆಣ್ಣು. ಹೆಸರು ಬಿದ್ದದ್ದು ಯಾರಿಗೆ? ಒಂದು ದಿನ ಎಲ್ಲರ ಮುಂದೆ ಕೇಳಿಯೇಬಿಟ್ಟೆ. ಅವನು ನಕ್ಕ, "ಮಾತಿಗೆ ಅಂತಾರ ಬಿಡಬೇ" ಅಂದ. ಮಾತಿಗೆ! ಮದುವೆಯಾಗಿ ಆರು ವರ್ಷ ಮಗುವಾಗಲಿಲ್ಲ ಅಂತ ನನಗೂ ಆ ಮಾತು ಅಂದವರಿದ್ದರು. ತೊಟ್ಟಿಲು ಶಾಸ್ತ್ರಕ್ಕೆ ಹೋದರೆ ಹಿಂದಿನ ಸಾಲಿನಲ್ಲಿ ಕೂಡಿಸುತ್ತಿದ್ದರು. ಯಾರಲ್ಲಿ ಏನು ಕಡಿಮೆ ಅಂತ ಯಾರೂ ಗಾಜು ಇಟ್ಟು ನೋಡಿರಲಿಲ್ಲ. ನೋಡದೆ ಬರೆಯುವವರ ಮೇಲೆ ನನ್ನ ಸಿಟ್ಟು ಅವತ್ತಿನಿಂದ ಇದೆ.

ಹಾಗಾಗಿ ಆ ಕೆಂಪು ಗೆರೆ ಬಂದ ದಿನ ನನ್ನ ಹತ್ತಿರ ಸಿಟ್ಟಿಗೆ ಕೊರತೆ ಇರಲಿಲ್ಲ.

"ರಬ್ಬರು ಕೆಳಗಿಡು," ಅಂದೆ.

"ಅಜ್ಜಿ, ಮಾರ್ಕ್ಸ್ ಹೋಗತ್ತೆ. ಬುಕ್‌ದು ನೋಡಿ ಬರೆದರೆ ಹತ್ತು ನಿಮಿಷ."

"ಬುಕ್‌ದು ಯಾರು ನೋಡಿ ಬರದಿದ್ದು?"

"ಯಾರೋ."

"ಇದು?"

"ನಾನು."

"ಮತ್ತ? ಕಂಡದ್ದು ಅಳಿಸಿ, ಯಾರೋ ಕಂಡದ್ದನ್ನ ನಾ ಕಂಡೆ ಅಂತ ಬರೀತಿ? ಆ ಸೂಕ್ಷ್ಮದರ್ಶಕ ಯಾಕ ಬೇಕು? ಉಪ್ಪಿನಕಾಯಿ ಭರಣಿ ಇಡಾಕ ಜಾಗಾ ಆಗಲಿ, ತಗೀ ಅತ್ಲಾಗ."

ಅವಳ ಕಣ್ಣು ತುಂಬಿತು. ಬರೀ ಮಾರ್ಕಿನ ಅಳು ಅಲ್ಲ ಅದು. ಆಮೇಲೆ ಮೆಲ್ಲಗೆ ಹೊರಬಂತು. ಯಾರು ಕೊಯ್ದು ಕೊಟ್ಟದ್ದು ಅಂತ ಮಿಸ್ ಕೇಳಿದ್ದರಂತೆ. ಅಜ್ಜಿ ಅಂದಳಂತೆ. ಅಜ್ಜಿ ಏನು ಓದಿದ್ದಾರೆ ಅಂದರಂತೆ. ಇವಳು ಹೇಳಿದಳಂತೆ. ಇಡೀ ಕ್ಲಾಸು ನಕ್ಕಿತಂತೆ.

ಓಹೋ. ಹಾಗೋ.

ಅಷ್ಟರಲ್ಲಿ ವೆಸ್ಟ್ ಬೇ ಆಫೀಸಿನಿಂದ ಅಳಿಯಂದಿರು ಬಂದರು. ಅವರು ಮೈಸೂರು ಕಡೆಯವರು, ಮಾತು ಬೆಣ್ಣೆ. ಕೊರಳ ಪಟ್ಟಿ ಸಡಿಲ ಮಾಡುತ್ತ ಎಲ್ಲ ಕೇಳಿದರು. ನನ್ನನ್ನು ತಣ್ಣಗೆ ಮಾಡಬೇಕೆಂದು ಅಂದರು, "ಬಿಡಿ ಅತ್ತೆ. ನೋಡಿ, ಆ ಟಪೀಟಮ್ ಎಷ್ಟು ದೊಡ್ಡದು. ಥೇಟ್ ನಿಮ್ಮ ಥರ. ಮಕ್ಕಳಿಗೆ ಎಲ್ಲಾ ಕೊಟ್ಟು, ತಾನು ಸದ್ದಿಲ್ಲದೆ ಕರಗಿ ಹೋಗತ್ತೆ."

"ನಾ ಎಲ್ಲಿ ಕರಗೀನ್ರೀ?" ಅಂದೆ. "ನಿನ್ನೆ ನಿಮ್ಮ ತೂಕದ ಯಂತ್ರದ ಮ್ಯಾಲೆ ನಿಂತಿದ್ದೆ. ಎಪ್ಪತ್ತೊಂದು ಕಿಲೋ. ಸದ್ದಿಲ್ಲದ ಅಂತ ಬ್ಯಾರೆ ಅಂತೀರಿ. ಗುರುವಾರ ಇಕಿ ಶಾಲಿಗೆ ನಾ ಬರತೀನಿ, ಸದ್ದು ಐತೋ ಇಲ್ಲೋ ನೋಡೂಣಂತ."

ಮಗಳು ಅಡುಗೆಮನೆಯಿಂದ, "ಯವ್ವಾ, ಇಲ್ಲಿ ಹಂಗೆಲ್ಲ ಹೋಗಿ ಜಗಳಾ ಮಾಡಂಗಿಲ್ಲ," ಅಂದಳು.

"ಜಗಳಾ ಯಾರು ಮಾಡತಾರ? ಹೂವು ತೋರಸ್ತೀನಿ."

ಗುರುವಾರ ಪಾಲಕರು ಹೋಗಿ ಟೀಚರುಗಳನ್ನು ಕಾಣುವ ದಿನ. ಬೆಳಿಗ್ಗೆ ಎದ್ದು ಸ್ಟೀಲ್ ಡಬ್ಬಿಗೆ ಒದ್ದೆ ಬಟ್ಟೆ ಹಾಸಿ ಮೂರು ವಸ್ತು ಇಟ್ಟೆ. ನೆರಳಿನ ಗಿಡದ ಅರಳಿದ ಹೂವು ಒಂದು. ಬಿಸಿಗಾಳಿ ಗಿಡದ್ದು ಒಂದು. ಮೂರನೆಯದನ್ನು ಮುರಿಯುವಾಗ ಜೀವ ಚುರ್ ಅಂದಿತು, ಆದರೂ ಮುರಿದೆ.

ಅಳಿಯಂದಿರು ಕಾರಿನಲ್ಲೇ ಉಳಿದರು; ನಾನು, ಮಗಳು, ಮೊಮ್ಮಗಳು ಒಳಗೆ ಹೋದೆವು. ಶಾಲೆಯ ಕೋಣೆಯಲ್ಲಿ ಮಿಸ್ ನೋಟ್‌ಬುಕ್ಕುಗಳ ಗುಡ್ಡೆಯ ಹಿಂದೆ ಕುಳಿತಿದ್ದರು. ನನ್ನ ಮಗಳಿಗಿಂತ ಚಿಕ್ಕವರು, ಕಣ್ಣ ಕೆಳಗೆ ಕಪ್ಪು. ಕೇರಳದವರು, ಕನ್ನಡ ಬಾರದು. ಮೊಮ್ಮಗಳೇ ಎರಡೂ ಕಡೆಗೆ ಹೇಳಬೇಕು.

"ಅಜ್ಜಿ ಪ್ಲೀಸ್, ಫೈಟ್ ಬೇಡ," ಅಂತ ನನ್ನ ಸೆರಗು ಜಗ್ಗಿದಳು.

"ಕೇಳು ಅವರಿಗೆ," ಅಂದೆ, "ನನ್ನ ಮೊಮ್ಮಗಳು ಕಣ್ಣಿಟ್ಟು ನೋಡಿದ್ದನ್ನ ನೀವು ಕಣ್ಣಿಡದನ ತಪ್ಪು ಅಂದ್ರಲ್ಲ, ಇದು ಯಾವ ನ್ಯಾಯ? ನಾಕನೇ ಇಯತ್ತೆ ಕಲತಾಕಿ ಕೊಯ್ದು ಕೊಟ್ರ ಹೂವಿನೊಳಗಿನ ಪುಡಿ ನಾಚಿ ಸೊಟ್ಟ ಆಗತೈತೇನು? ಇಪ್ಪತ್ತಾರು ವರ್ಷ ನಾ ಕಿತ್ತ ಗಂಡು ಒಟ್ಟಿದ್ರ ಈ ನಿಮ್ಮ ಕೋಣಿ ತುಂಬತಿತ್ತು, ಹೇಳು!"

ಇಷ್ಟೆಲ್ಲ ಅಂದದ್ದಕ್ಕೆ ಹುಡುಗಿ ಇಂಗ್ಲಿಷಿನಲ್ಲಿ ನಾಲ್ಕೇ ಮಾತು ಹೇಳಿದಳು. ಕೊನೆಗೆ 'ಪ್ಲೀಸ್' ಬೇರೆ ಸೇರಿಸಿದಳು. ಅದು ನನಗೂ ತಿಳಿಯುತ್ತದೆ. "ನಾ ಪ್ಲೀಸ್ ಅಂದಿಲ್ಲ," ಅಂದೆ. ಮಗಳು ತಲೆ ತಗ್ಗಿಸಿ ನೆಲ ನೋಡಿದಳು.

ಮಿಸ್ ಏನೋ ಹೇಳಿದರು. "ಅಜ್ಜಿ, ಮಿಸ್ ಹೇಳತಾರೆ, ಸೆಕ್ಷನ್ ಸರಿ ಬಂದಿಲ್ಲ ಅಂದರೆ ಹೀಗೆ ಕಾಣತ್ತೆ ಅಂತೆ. ಕೊಯ್ಯುವಾಗ ಒತ್ತಿ ಹೋಗಿರತ್ತೆ ಅಂತೆ."

ತಪ್ಪು ನನ್ನ ಬ್ಲೇಡಿನ ಮೇಲೆ ಬಂತೇ! ಮೇಜಿನ ಮೇಲೆ ಅವರ ಮೊಬೈಲು ಮಲಗಿತ್ತು, ಗಾಜು ಕರ್ರಗೆ. ಕೇಳದೆ ಮುಟ್ಟುವುದು ತಪ್ಪು, ಗೊತ್ತು. ಮುಟ್ಟಿದೆ. ಹತ್ತಿರ ಎಳೆದುಕೊಂಡು ನೆರಳಿನ ಗಿಡದ ಹೂವನ್ನು ಅದರ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದೆ. ಕಪ್ಪಿನ ಮೇಲೆ ಹಳದಿ ಹುಡಿ ರಂಗೋಲಿ ಚೆಲ್ಲಿದ ಹಾಗೆ ಬಿತ್ತು. ಇನ್ನೊಂದು ತುದಿಗೆ ಬಿಸಿಗಾಳಿ ಗಿಡದ್ದನ್ನು ತಟ್ಟಿದೆ. ಎರಡು ಸಲ, ನಾಲ್ಕು ಸಲ. ಏನೂ ಇಲ್ಲ.

"ಇದರಾಗ ನಾ ಬ್ಲೇಡು ಹಚ್ಚಿಲ್ಲ," ಅಂದೆ. "ಕೊಯ್ದಿಲ್ಲ, ಒತ್ತಿಲ್ಲ. ಹೇಳು."

ಈ ಸಲ ಹುಡುಗಿ ಪೂರ್ತಿ ಹೇಳಿದಳು. ಏಸಿ, ಬಿಸಿಗಾಳಿ, ಹೊತ್ತಿಗೆ ಮೊದಲೇ ಕುಸಿದ ಪದರ, ಎರಡು ಕಡೆಯ ಗಿಡ, ಎರಡು ಚಿತ್ರ. ಮೊದಲು ತಡವರಿಸಿದಳು. ಆಮೇಲೆ ಕೈ ಬೀಸಿ, ಪುಟ ತಿರುವಿ, ನೀರು ಹರಿದ ಹಾಗೆ ಮಾತಾಡಿದಳು. ನನಗೆ ಒಂದು ಮಾತೂ ತಿಳಿಯಲಿಲ್ಲ. ಎಂಥ ಚೆಂದದ ಮಾತು! ನನ್ನ ಹೊಟ್ಟೆಯ ಮಗಳ ಮಗಳು, ಅಷ್ಟು ದೊಡ್ಡ ಮೇಜಿನ ಎದುರಿಗೆ ನಿಂತು. ಸಿಟ್ಟಿನ ನಡುವೆಯೇ ನನಗೆ ಕುಣಿಯಬೇಕೆನ್ನಿಸಿತು.

ಮಿಸ್ ಬಗ್ಗಿ ಮೊಬೈಲು ನೋಡಿದರು. ಗಿಡ ಪೂರ್ತಿ ಕೆಟ್ಟಿರಬಹುದಲ್ಲವೇ ಅಂತ ಕೇಳಿದರಂತೆ. ನಾನು ಕಾಯುತ್ತಿದ್ದದ್ದು ಅದಕ್ಕೇ. ಡಬ್ಬಿಯಿಂದ ಮೂರನೆಯದನ್ನು ತೆಗೆದೆ. ಬಿಸಿಗಾಳಿ ಗಿಡದ್ದೇ ರೆಂಬೆ, ಅದರಲ್ಲಿ ಗೋಲಿಯಷ್ಟು ಹಸಿರು ಕಾಯಿ ಎರಡು. ಎರಡರ ತಲೆಯ ಹಸಿರು ಟೊಪ್ಪಿಗೆಯಲ್ಲೂ ಎರಡೆರಡು ಎಸಳು ಇಲ್ಲ.

"ಇದು ನನ್ನ ಗುರುತು. ಇದಕ್ಕ ಬ್ಯಾರೆ ಪುಡಿ ಮುಟ್ಟಿಸಿದಾಕಿ ನಾನು. ಹೆಣ್ಣು ಗಟ್ಟಿ ಐತಿ. ಗಿಡಕ್ಕ ಏನೂ ಆಗಿಲ್ಲ. ಗಿಡಕ್ಕ ಕೆಟ್ಟ ಹೆಸರು ಇಡಬ್ಯಾಡ್ರಿ ಅಂತ ಹೇಳು."

ಮಿಸ್ ಆ ಕಾಯಿಯನ್ನು ಕೈಯಲ್ಲಿ ಹಿಡಿದು ಎಸಳು ಚಿವುಟಿದ ಜಾಗವನ್ನು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ನೋಟ್‌ಬುಕ್ಕು ಎಳೆದುಕೊಂಡು ಕೆಂಪು ಗೆರೆಯ ಪಕ್ಕ ಏನೋ ಬರೆದು ಸಹಿ ಹಾಕಿದರು. ಎರಡೂ ಚಿತ್ರ ಇರಲಿ, ಎಲ್ಲಿಯ ಗಿಡ ಅಂತ ಕೆಳಗೆ ಬರೆದು ಕ್ಲಾಸಿನ ಮುಂದೆ ನಿಂತು ಹೇಳಬೇಕು ಅಂದರಂತೆ. ನನ್ನ ಕಡೆ ನೋಡಿ ಕೈ ಮುಗಿದರು. ನಾನೂ ಮುಗಿದೆ. ಅವರ ಮೊಬೈಲನ್ನು ಸೆರಗಿನಿಂದ ಒರೆಸಿಕೊಟ್ಟೆ.

ಕಾರಿನಲ್ಲಿ ಹುಡುಗಿ ನನ್ನ ತೋಳಿಗೆ ಅಂಟಿಕೊಂಡು ಕುಳಿತಳು. ನಾನು ಆ ಪುಟ ತೆಗೆಸಿ ನೋಡಿದೆ. ಮಿಸ್ಸಿನ ಹೊಸ ಬರಹ ಇತ್ತು, ಸಹಿ ಇತ್ತು. ಕೆಂಪು ಗೆರೆಗಳೆರಡೂ ಇದ್ದ ಹಾಗೇ ಇದ್ದವು. ಚಿತ್ರದ ಎದೆಯ ಮೇಲೆ.

"ಇದನ್ನ ಅಳಿಸಲೇ ಇಲ್ಲಲ್ಲ?"

"ಅದು ಪೆನ್ ಅಜ್ಜಿ. ಅಳಿಸೋಕೆ ಬರಲ್ಲ."

"ನೀ ಬರದದ್ದು?"

"ಪೆನ್ಸಿಲ್. ಡಯಾಗ್ರಾಮ್ ಪೆನ್ಸಿಲ್‌ನಲ್ಲೇ ಇರಬೇಕು, ರೂಲ್."

ನೋಡಿ, ಮತ್ತೆ ಸಿಟ್ಟು ಬಂತು. ನೋಡಿ ಬರೆದವಳದ್ದು ರಬ್ಬರಿಗೆ ಸಿಗುವಂತೆ ಇರಬೇಕು, ನೋಡದೆ ಗೆರೆ ಎಳೆದವರದ್ದು ಅಳಿಸಲು ಬಾರದಂತೆ ಇರಬೇಕು! ಯಾರು ಮಾಡಿದ ರೂಲು ಇದು? ಮನೆ ಮುಟ್ಟುವ ತನಕ ಗೊಣಗಿದೆ. ಅಳಿಯಂದಿರು ಹಾಡು ಹಾಕಿದರು. ನಿಲ್ಲಿಸಲು ಹೇಳಿದೆ.

ಅಂದು ಚಹಾ ಆದ ಮೇಲೆ ಬಿಸಿಗಾಳಿಯ ಮೂರು ಕುಂಡಗಳನ್ನು ಅಡುಗೆಮನೆ ಬಾಗಿಲ ಕಡೆಗೆ ನೂಕಿಸಿದೆ. ಅಂಗಳದಿಂದ ಒಳಗೆ ಬಂದರೆ ಹುಡುಗಿ ಮೇಜಿನ ಮುಂದೆ ಬಗ್ಗಿ ಕುಳಿತಿದ್ದಳು. ಕಪ್ಪು ಪೆನ್ನು ಹಿಡಿದು ಆ ಪೆನ್ಸಿಲ್ ಚಿತ್ರದ ಮೇಲೆ ತಿದ್ದುತ್ತಿದ್ದಳು. ನಾಲ್ಕು ಕೋಣೆ, ಕುಸಿದ ಪದರ, ಸೊಟ್ಟ ಕಾಳು, ಒಂದೊಂದನ್ನೇ.

"ಏ, ಏನೇ ಮಾಡಾಕತ್ತೀ?" ಅಂದಳು ನನ್ನ ಮಗಳು. "ಪೆನ್ನಿನಾಗ ಬರದ್ರ ಮಾರ್ಕು ಕಟ್ ಮಾಡತಾರ."

"ಮಾಡಲಿ," ಅಂದಳು ಮೊಮ್ಮಗಳು, ತಲೆ ಎತ್ತದೆ. "ಅಜ್ಜಿ, ಪುಟ ಗಟ್ಟಿ ಹಿಡಿ. ಅಲುಗತ್ತೆ."

ಅಲುಗದ ಕೈ ನನ್ನದು. ಹಿಡಿದೆ.